ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ ವಿದೇಶಿ ಏಜೆಂಟ್ ಸಿಗೋದು ಹೇಗೆ?

ಬೆಂಗಳೂರಿನಲ್ಲಿ ಕೂತು ಅಮೆರಿಕ, ಇಂಗ್ಲೆಂಡಿನ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಲು ಏಜೆಂಟ್, ಅಂದರೆ ಪ್ರಕಾಶಕರಿಂದ ಕೆಲಸ ತಂದುಕೊಡುವವರು, ಬೇಕು ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಆದರೆ ದಾರಿ ಸುತ್ತುಬಳಸಿನದು.

ನಮ್ಮಲ್ಲಿ ಪ್ರಥಮ್ ಬುಕ್ಸ್, ತೂಲಿಕಾದಂಥ ಪ್ರಕಾಶಕರು ಕಲಾವಿದರ ಜೊತೆ ನೇರವಾಗಿಯೇ ಕೆಲಸ ಮಾಡುತ್ತಾರೆ. ಅಲ್ಲಿ ಒಂದೆರಡು ಪುಸ್ತಕ ಮಾಡಿಕೊಂಡರೆ ಮುಂದೆ ತೋರಿಸೋಕೆ ಕೈಯಲ್ಲಿ ಏನಾದರೂ ಇರುತ್ತದೆ.

ಏಜೆಂಟ್ ಮೊದಲು ನೋಡುವುದು ಪೋರ್ಟ್‌ಫೋಲಿಯೊ, ಅಂದರೆ ನೀವು ಆರಿಸಿಟ್ಟ ನಿಮ್ಮ ಚಿತ್ರಗಳ ಸಂಗ್ರಹ. ಹತ್ತು ಹದಿನೈದು ಚಿತ್ರ ಸಾಕು, ಆದರೆ ಬಿಡಿಬಿಡಿಯಾಗಿ ಚೆಂದ ಇದ್ದರೆ ಸಾಲದು. ಒಂದೇ ಹುಡುಗಿ ಒಂದು ಪುಟದಲ್ಲಿ ಅಳುತ್ತಿರಲಿ, ಇನ್ನೊಂದರಲ್ಲಿ ಮರ ಹತ್ತುತ್ತಿರಲಿ, ಮತ್ತೊಂದರಲ್ಲಿ ಬರೀ ಬೆನ್ನು ಕಾಣಲಿ, ಅವಳೇ ಎಂದು ಥಟ್ಟನೆ ಗೊತ್ತಾಗಬೇಕು. ಪುಸ್ತಕದ ಕೆಲಸ ಅಂದರೆ ಅದೇ ಅಲ್ವಾ?

ಆಮೇಲೆ ಪ್ರತಿ ಏಜೆನ್ಸಿಯ ನಿಯಮ ಓದಿ ಕಳಿಸಿ. ಸುಮ್ನೆ ಎಲ್ಲರಿಗೂ ಒಂದೇ ಮೇಲ್ ಹಾಕಬೇಡಿ. ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಕೆಲವು ತಿಂಗಳು ಬಿಟ್ಟು ಹೊಸ ಚಿತ್ರಗಳೊಂದಿಗೆ ಮತ್ತೆ ಬರೆಯಿರಿ. ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಚಿತ್ರ ಪ್ರದರ್ಶನಕ್ಕೂ ಅರ್ಜಿ ಹಾಕಿ.

ಪುಸ್ತಕದ ಏಜೆಂಟರು ಸಾಮಾನ್ಯವಾಗಿ ನಿಮ್ಮ ಸಂಭಾವನೆಯಲ್ಲಿ 15% ಇಟ್ಟುಕೊಳ್ಳುತ್ತಾರೆ, ಜಾಹೀರಾತು ಕೆಲಸ ತರುವವರು 25–30%. ಅದೂ ಕೆಲಸ ಸಿಕ್ಕ ಮೇಲೆ. ಮೊದಲೇ ದುಡ್ಡು ಕೇಳುವವರ ಹತ್ತಿರ ಹೋಗಲೇಬೇಡಿ.