ಓದುಗರ ಪ್ರಶ್ನೆ: ಹದಿನೆಂಟು ತುಂಬಿದ ಮೇಲೆ

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಅಡಿಕೆ ಬೆಳೆಗಾರರು. ಬಾಲಮಂದಿರದಲ್ಲಿದ್ದ ಹುಡುಗಿಯೊಬ್ಬಳನ್ನು ಐದು ವರ್ಷಗಳ ಹಿಂದೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಪೋಷಕತ್ವದಡಿ, ಅಂದರೆ ದತ್ತು ಪಡೆಯದೆ ಮನೆಯಲ್ಲಿಟ್ಟು ಸಾಕುವ ವ್ಯವಸ್ಥೆಯಡಿ, ಮನೆಗೆ ಕರೆತಂದೆವು. ಬರುವ ಜನವರಿಗೆ ಅವಳಿಗೆ ಹದಿನೆಂಟು ತುಂಬುತ್ತದೆ. ಶಿವಮೊಗ್ಗದಲ್ಲಿ ನರ್ಸಿಂಗ್ ಓದುವ ಆಸೆ ಅವಳದು. ಈ ಸಲ ಕೊಳೆರೋಗದಿಂದ ಫಸಲು ಕೈಗೆ ಹತ್ತಲಿಲ್ಲ. ಸರ್ಕಾರದ ನೆರವು ಹುಟ್ಟುಹಬ್ಬದ ದಿನವೇ ನಿಂತುಹೋಗುತ್ತದೆಯೇ? ಆಮೇಲೆ ಅವಳು ನಮ್ಮ ಮನೆಯಲ್ಲಿ ಇರುವಂತಿಲ್ಲವೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪತ್ರದ ಕಳವಳವೆಲ್ಲ ಅಲ್ಲಿದೆ. ಹದಿನೆಂಟು ತುಂಬಿದಾಗ ಮುಗಿಯುವುದು ಸಮಿತಿಯ ಆದೇಶ ಮಾತ್ರ. ವಯಸ್ಕಳಾದ ಅವಳು ತನ್ನ ಇಚ್ಛೆಯಿಂದ ನಿಮ್ಮೊಡನೆ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪೋಷಕತ್ವಕ್ಕೆ ಬರುತ್ತಿದ್ದ ತಿಂಗಳಿಗೆ 4,000 ರೂಪಾಯಿ ನಿಲ್ಲುತ್ತದೆ.

ಅದರ ಮುಂದಿನ ಮೆಟ್ಟಿಲಿಗೆ ಅನುಪಾಲನೆ ಎಂದು ಹೆಸರು. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇದನ್ನು ಹೇಳುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭಗಳಲ್ಲಿ ಇಪ್ಪತ್ಮೂರರವರೆಗೆ, ಶಿಕ್ಷಣ, ವೃತ್ತಿ ತರಬೇತಿ ಮತ್ತು ವಸತಿಗೆ ನೆರವು ನೀಡಲು ಕಾಯ್ದೆಯಡಿಯ ನಿಯಮಗಳಲ್ಲಿ ಅವಕಾಶವಿದೆ; ಮಿಷನ್ ವಾತ್ಸಲ್ಯದಡಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಇಲ್ಲಿ ಒಂದು ತೊಡಕಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಕಲಂನ ಮಾತು ಪಾಲನಾ ಸಂಸ್ಥೆಯಿಂದ ಹೊರಬರುವ ಮಗುವನ್ನು ಕುರಿತದ್ದು. ಕುಟುಂಬದಲ್ಲಿ ಬೆಳೆದ ಮಗುವನ್ನು ಅದು ಹೆಸರಿಸುವುದಿಲ್ಲ. ಮಗು ಸಂಸ್ಥೆಗಿಂತ ಮನೆಯಲ್ಲಿ ಬೆಳೆಯಲಿ ಎಂದು ಬಯಸುವ ಕಾನೂನೇ, ಹಾಗೆ ಮನೆಯಲ್ಲಿ ಬೆಳೆದವಳ ವಿಷಯದಲ್ಲಿ ಅನುಮಾನಕ್ಕೆ ಎಡೆಗೊಟ್ಟಿರುವುದು ನನಗೆ ಸರಿಯೆನಿಸುವುದಿಲ್ಲ. ಆದ್ದರಿಂದ ಅವಳು ಮೊದಲು ಬಾಲಮಂದಿರದಲ್ಲಿದ್ದ ಅವಧಿಯನ್ನೂ ಅಲ್ಲಿಂದ ನಿಮ್ಮಲ್ಲಿಗೆ ಬಂದ ಆದೇಶವನ್ನೂ ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ, ಬಾಯಿಮಾತಿನ ಭರವಸೆಯನ್ನು ನೆಚ್ಚದೆ ಲಿಖಿತ ಉತ್ತರವನ್ನೇ ಕೇಳಿ.

ಜನವರಿಯವರೆಗೆ ಕಾಯಬೇಡಿ. ಸಂಸ್ಥೆ ಬಿಡುವ ಮಗುವಿನ ಮುಂದಿನ ಯೋಜನೆಯನ್ನು ಎರಡು ತಿಂಗಳು ಮುಂಚಿತವಾಗಿ ಸಮಿತಿಯ ಮುಂದಿಡಬೇಕೆಂದು ಅದೇ ಕಾಯ್ದೆಯಡಿ ಕೇಂದ್ರ ಹೊರಡಿಸಿದ 2016ರ ಮಾದರಿ ನಿಯಮಗಳು ಹೇಳುತ್ತವೆ. ನನ್ನನ್ನು ಕೇಳಿದರೆ ಎರಡು ತಿಂಗಳು ಏನೇನೂ ಸಾಲದು. ಇದೇ ವಾರ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಅವಳ ವೈಯಕ್ತಿಕ ಆರೈಕೆ ಯೋಜನೆಯಲ್ಲಿ ನರ್ಸಿಂಗ್ ಓದು, ಹಾಸ್ಟೆಲ್ ಮತ್ತು ಶುಲ್ಕದ ವಿಷಯ ಬರೆಸಿರಿ. ಆಧಾರ್, ಅಂಕಪಟ್ಟಿ, ಸಮಿತಿಯ ಆದೇಶದ ಪ್ರತಿ ಮತ್ತು ಅವಳದೇ ಹೆಸರಿನ ಬ್ಯಾಂಕ್ ಖಾತೆ ಸಿದ್ಧವಿರಲಿ. ಅನುಪಾಲನೆಯ ಹಣ ನೇರವಾಗಿ ಫಲಾನುಭವಿಯ ಖಾತೆಗೇ ಬರಬೇಕೆಂಬ ನಿಯಮವಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಬಂದಾಗ ಇಂಥ ಮಕ್ಕಳು ಕಚೇರಿಯ ಮುಂದೆ ತಲೆತಗ್ಗಿಸಿ ನಿಲ್ಲುವಂತಾಗುತ್ತದೆ. ಸಮಿತಿಯ ಆದೇಶವನ್ನು ಹಿಡಿದು ಆ ಕೆಲಸಕ್ಕೆ ನೀವೇ ಜೊತೆಗೆ ಹೋಗಿರಿ, ಅವಳೊಬ್ಬಳನ್ನೇ ಕಳಿಸಬೇಡಿ.

ಆಸ್ತಿಯ ವಿಷಯ ನೀವು ಕೇಳಿಲ್ಲವಾದರೂ ಹೇಳುತ್ತೇನೆ: ಪೋಷಕತ್ವ ದತ್ತುವಲ್ಲ, ಅದರಿಂದ ವಾರಸು ಹಕ್ಕು ಬರುವುದಿಲ್ಲ. ಅವಳಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಉಯಿಲು ಬರೆಯಿರಿ.

ಪ್ರಶ್ನೆ: ನಾನು ಬಾಲಮಂದಿರವೊಂದರಲ್ಲಿ ಬೆಳೆದವನು. ಹದಿನೆಂಟು ತುಂಬಿದಾಗ ಒಂದು ಚೀಲ ಬಟ್ಟೆಯೊಡನೆ ಹೊರಬಂದೆ. ಈಗ ಹತ್ತೊಂಬತ್ತು ವರ್ಷ. ಶಿವಮೊಗ್ಗದ ಗ್ಯಾರೇಜಿನಲ್ಲಿ ಕೆಲಸ ಮಾಡಿ ಅಲ್ಲೇ ಮಲಗುತ್ತೇನೆ. ಅನುಪಾಲನೆ ಎಂಬುದನ್ನು ಯಾರೂ ಹೇಳಲಿಲ್ಲ. ಈಗ ಕೇಳಬಹುದೇ?

ಉತ್ತರ: ಖಂಡಿತ ಕೇಳಬಹುದು. ಸಂಸ್ಥೆ ಬಿಟ್ಟ, ಇಪ್ಪತ್ತೊಂದು ತುಂಬದವರನ್ನೇ ಕಾಯ್ದೆ ಉದ್ದೇಶಿಸಿದೆ. ಹೊರಬಂದು ಒಂದು ವರ್ಷವಾಯಿತೆಂದು ನಿಮ್ಮ ಅರ್ಹತೆ ತಪ್ಪುವುದಿಲ್ಲ. ನೀವಿದ್ದ ಸಂಸ್ಥೆಯಿಂದ ಬಿಡುಗಡೆಯ ಆದೇಶದ ಪ್ರತಿ ಪಡೆದು, ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಗ್ಯಾರೇಜಿನ ಕೆಲಸ ಒಲಿದಿದ್ದರೆ ಐಟಿಐನ ವಾಹನ ದುರಸ್ತಿ ತರಬೇತಿಯನ್ನು ಅರ್ಜಿಯಲ್ಲಿ ಹೆಸರಿಸಿ ಬರೆಯಿರಿ. ತರಬೇತಿಯ ಅವಧಿಗೆ ಭತ್ಯೆ, ಆರರಿಂದ ಎಂಟು ಜನ ಒಟ್ಟಾಗಿರುವ ತಾತ್ಕಾಲಿಕ ವಸತಿ, ಆಪ್ತಸಮಾಲೋಚಕರ ನೆರವು, ಇವೆಲ್ಲ ಮಾದರಿ ನಿಯಮಗಳಲ್ಲೇ ಇವೆ. ಕೇಳದೆ ಇವು ಸಿಗುವುದು ಅಪರೂಪ, ಆದ್ದರಿಂದ ಒಂದೊಂದನ್ನೂ ಹೆಸರು ಹೇಳಿ ಕೇಳಿ.

ಜ್ವರ ಬಂದಾಗ ಯಾರಿಗೆ ಫೋನ್ ಮಾಡುವುದು, ದೀಪಾವಳಿಗೆ ಎಲ್ಲಿಗೆ ಹೋಗುವುದು ಎಂದೂ ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಿಯಮದ ಪುಸ್ತಕದಲ್ಲಿ ಇದಕ್ಕೆ ಕಲಂ ಇಲ್ಲ. ನಿಮ್ಮೊಡನೆ ಬಾಲಮಂದಿರದಲ್ಲಿದ್ದು ಈಗ ಊರಲ್ಲೇ ಕೆಲಸದಲ್ಲಿರುವವರು ಇಬ್ಬರಾದರೂ ಇದ್ದಾರು. ಅವರ ವಿಳಾಸ ಹುಡುಕಿರಿ, ಅರ್ಜಿ ಕೊಡಲು ಹೋಗುವ ದಿನ ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ.