ಮಾನವೀಯ ನೆಲೆಯ ಪಿಆರ್: ಅರ್ಜಿ ಹಾಕುವ ಮೊದಲು

ನಮಸ್ಕಾರ. ಸ್ಟಡಿ ಪರ್ಮಿಟ್ ಮುಗಿದು ಎರಡು ತಿಂಗಳಾಗಿದೆ, ಎಂಟು ವರ್ಷದ ಮಗಳು ಇಲ್ಲಿನ ಶಾಲೆಯಲ್ಲಿ ಸ್ಪೀಚ್ ಥೆರಪಿ ಪಡೆಯುತ್ತಿದ್ದಾಳೆ, ಮಾನವೀಯ ನೆಲೆಯಲ್ಲಿ ಕಾಯಂ ವಾಸದ ಅನುಮತಿಗೆ, ಅಂದರೆ ಪಿಆರ್‌ಗೆ ಅರ್ಜಿ ಹಾಕಿದರೆ ಕೂಡಲೇ ವರ್ಕ್ ಪರ್ಮಿಟ್ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ಕೆನಡಾದಲ್ಲಿ ಈ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಉಳಿಯುವ ಹಕ್ಕಾಗಲಿ, ಗಡೀಪಾರಿನಿಂದ ರಕ್ಷಣೆಯಾಗಲಿ ಬರುವುದಿಲ್ಲ. ಮೊದಲ ಹಂತದ ಒಪ್ಪಿಗೆ ದೊರೆತ ಮೇಲಷ್ಟೇ ವರ್ಕ್ ಪರ್ಮಿಟ್ ಕೇಳಬಹುದು, ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಸ್ಟೇಟಸ್ (ಇಲ್ಲಿ ಕಾನೂನುಬದ್ಧವಾಗಿ ಇರುವ ಸ್ಥಿತಿ) ಕಳೆದುಕೊಂಡ 90 ದಿನಗಳೊಳಗೆ ಅದನ್ನು ಮರಳಿ ಪಡೆಯಲು ಅರ್ಜಿ ಹಾಕಬಹುದು. ಕಾಲೇಜಿನ ಪ್ರವೇಶ ಇನ್ನೂ ಊರ್ಜಿತವಾಗಿದ್ದರೆ, ಉಳಿದಿರುವ ಈ ಒಂದು ತಿಂಗಳಲ್ಲಿ ಮೊದಲು ಆ ದಾರಿಯನ್ನು ವಕೀಲರಲ್ಲಿ ವಿಚಾರಿಸಿ. ಮಾನವೀಯ ನೆಲೆಯ ಅರ್ಜಿಯ ಜೊತೆಗೆ ನಿರಾಶ್ರಿತರೆಂದೂ ಅರ್ಜಿ ಹಾಕಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಎರಡೂ ಒಟ್ಟಿಗೆ ನಡೆಯುವುದಿಲ್ಲ, ನಿರಾಶ್ರಿತರ ಅರ್ಜಿ ತಿರಸ್ಕೃತವಾದರೆ ಸಾಮಾನ್ಯವಾಗಿ 12 ತಿಂಗಳು ಮಾನವೀಯ ನೆಲೆಯ ಬಾಗಿಲೂ ಮುಚ್ಚಿರುತ್ತದೆ.

ಆದರೂ ಮಾನವೀಯ ನೆಲೆಯೇ ಗತಿ ಎನ್ನುವುದಾದರೆ, ನಿಮ್ಮ ಅರ್ಜಿಯ ಜೀವ ಮಗಳ ವಿಷಯದಲ್ಲಿದೆ. ಮಕ್ಕಳ ಹಿತವನ್ನು ಅಧಿಕಾರಿ ಗಂಭೀರವಾಗಿ ಪರಿಗಣಿಸಲೇಬೇಕೆಂದು ಇಲ್ಲಿನ ಸುಪ್ರೀಂ ಕೋರ್ಟ್ 1999ರ ಬೇಕರ್ ಪ್ರಕರಣದಲ್ಲಿ ಹೇಳಿತು. ಕಷ್ಟಗಳನ್ನು ಬಿಡಿಬಿಡಿಯಾಗಿ ಅಳೆಯದೆ ಒಟ್ಟಾಗಿ ತೂಗಬೇಕೆಂದು 2015ರ ಕಾಂತಸಾಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಾಗೆಂದು ಮಗುವಿದ್ದರೆ ಪಿಆರ್ ಖಚಿತವೆಂದಲ್ಲ. ಕರ್ನಾಟಕದಲ್ಲಿ ಶಾಲೆಯಿಲ್ಲವೇ, ಥೆರಪಿ ಇಲ್ಲವೇ ಎಂದು ಅಧಿಕಾರಿ ಕೇಳಿದರೆ ಕಾಗದದಲ್ಲಿ ಉತ್ತರವಿರಬೇಕು: ಚಿಕಿತ್ಸೆ ಯಾವಾಗ ಆರಂಭವಾಯಿತು, ಎಷ್ಟು ಸುಧಾರಿಸಿದೆ, ಭಾಷೆ ಮತ್ತು ಪರಿಸರ ಬದಲಾದರೆ ಏನಾಗಬಹುದು ಎಂಬುದನ್ನು ಥೆರಪಿಸ್ಟ್ ಮತ್ತು ತರಗತಿಯ ಶಿಕ್ಷಕಿ ತಮ್ಮದೇ ಮಾತುಗಳಲ್ಲಿ ಬರೆದುಕೊಡಲಿ. ‘ಒಳ್ಳೆಯ ಕುಟುಂಬ’ ಎಂದು ಪರಿಚಯಸ್ಥರು ಬರೆದ ಹತ್ತು ಪತ್ರಗಳಿಗಿಂತ ಇಂಥ ಒಂದೇ ಪತ್ರ ಹೆಚ್ಚು ತೂಗುತ್ತದೆ.

ನಮ್ಮವರಲ್ಲಿ ನಾನು ಕಂಡ ತೊಂದರೆಯೆಂದರೆ, ಸಾಲ, ಕಾಯಿಲೆ, ಮನೆಯೊಳಗಿನ ಜಗಳವನ್ನು ಮರ್ಯಾದೆಗೆ ಅಂಜಿ ಬರೆಯದೆ ಬಿಡುತ್ತಾರೆ. ಬರೆಯದ ಕಷ್ಟವನ್ನು ಅಧಿಕಾರಿ ಊಹಿಸಿಕೊಳ್ಳುವುದಿಲ್ಲ. ಊರಿನ ಕನ್ನಡ ದಾಖಲೆಗಳನ್ನು ಇಂಗ್ಲಿಷ್ ಅಥವಾ ಫ್ರೆಂಚ್‌ಗೆ ಅನುವಾದ ಮಾಡಿಸಿ ಲಗತ್ತಿಸಿ. ಪರ್ಮಿಟ್ ಮುಗಿದ ಮೇಲೆ ಕೆಲಸ ಮಾಡಿದ್ದರೆ ಅದನ್ನೂ ವಕೀಲರಿಗೆ ಮೊದಲೇ ತಿಳಿಸಿ, ಏಕೆಂದರೆ ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷಗಳ ನಿಷೇಧ ಬೀಳುತ್ತದೆ.