ಫ್ರಿಡ್ಜ್ ಆಮೇಲೆ ನೋಡೋಣ, ಯೀಸ್ಟ್ ಹಾಕಿದಾಗ ಎಷ್ಟು ಡಿಗ್ರಿ ಇತ್ತು?

ಅಮೆರಿಕದ ಫೀನಿಕ್ಸ್‌ನ ಬೇಸಿಗೆಯಲ್ಲಿ ಬಿಯರ್ ಬಕೆಟ್ಟನ್ನು ಎರಡು ವಾರವೂ 18 ಡಿಗ್ರಿಯಲ್ಲೇ ನಿಲ್ಲಿಸಲು ಯಾವ ಫ್ರಿಡ್ಜ್ ಕೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಇದೇ ಪ್ರಶ್ನೆ ಹಿಡಿದು ಓಡಾಡಿದವನು. ಮೊದಲು ನನಗೆ ಆದದ್ದು ಕೇಳಿ.

2023ರ ಜುಲೈ. ಆ ವರ್ಷ ಇಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು, ನೆನಪಿದೆ ಅಲ್ವಾ? ಸೆಪ್ಟೆಂಬರಿನಲ್ಲಿ ಬಳ್ಳಾರಿಯಿಂದ ಅಕ್ಕ, ಭಾವ ಮೊದಲ ಸಲ ಬರುವವರಿದ್ದರು. ಭಾವನಿಗೆ ಬಿಯರ್ ಇಷ್ಟ. ನಾನೇ ಮಾಡಿದ್ದನ್ನು ಕುಡಿಸಬೇಕು ಅಂತ ತಿಂಗಳುಗಟ್ಟಲೆ ಫೋನಿನಲ್ಲಿ ಹೇಳಿದ್ದೆ.

ಸಂಜೆ ಹಿತ್ತಲಲ್ಲಿ ಗ್ಯಾಸ್ ಒಲೆ ಹಚ್ಚಿ 19 ಲೀಟರ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಮಾಡಲು ವರ್ಟ್, ಅಂದರೆ ಮಾಲ್ಟಿನ ಸಿಹಿ ನೀರು, ಒಲೆಗಿಟ್ಟೆ. ಒಂದು ಗಂಟೆ ಕುದಿಸಿ, ತಾಮ್ರದ ಸುರುಳಿ ಇಳಿಸಿ, ಅದರೊಳಗೆ ನಲ್ಲಿ ನೀರು ಬಿಟ್ಟೆ. 100ರಿಂದ 40ಕ್ಕೆ ಬೇಗ ಇಳಿಯಿತು. 35ಕ್ಕೆ ಬಂದು ನಿಂತೇಬಿಟ್ಟಿತು. ಯಾಕೆ ಅಂತ ನಲ್ಲಿ ಕೆಳಗೆ ಕೈ ಹಿಡಿದು ನೋಡಿದೆ. ಜುಲೈನಲ್ಲಿ ಈ ಊರಿನ ತಣ್ಣೀರು ನಲ್ಲಿಯಲ್ಲಿ ಬರುವುದೇ ಬೆಚ್ಚಗಿನ ನೀರು. ಅದು ಇನ್ನೆಷ್ಟು ತಣ್ಣಗೆ ಮಾಡೀತು? ಪಾತ್ರೆಯನ್ನು ಬಾತ್‌ಟಬ್ಬಿನಲ್ಲಿಟ್ಟು, ಇದ್ದ ಒಂದು ಚೀಲ ಐಸ್ ಸುರಿದೆ. 30ಕ್ಕೆ ಬಂತು. ಐಸ್ ಕರಗಿ ಮುಗಿಯಿತು.

ರಾತ್ರಿ ಹನ್ನೊಂದು ಗಂಟೆ. ಬೆಳಿಗ್ಗೆ ಆಫೀಸು. ರಾತ್ರಿ ಕಳೆಯುವಷ್ಟರಲ್ಲಿ ಹೇಗೂ ಆರುತ್ತೆ ಬಿಡು ಅಂದುಕೊಂಡು ಬಕೆಟ್ಟಿಗೆ ಬಗ್ಗಿಸಿ, ಸಾಫೇಲ್ ಯುಎಸ್-05 ಅನ್ನುವ ಒಣ ಯೀಸ್ಟಿನ 11.5 ಗ್ರಾಮಿನ ಪೊಟ್ಟಣ ಹರಿದು ಸುರಿದೆ. ಬಕೆಟ್ಟನ್ನು ಬಟ್ಟೆ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದೆ. ಗೋಡೆಯ ಮೇಲೆ ಎಸಿ 25 ತೋರಿಸುತ್ತಿತ್ತು.

ನಾನು ಮಾಡಿದ ತಪ್ಪು ಇದೊಂದೇ: ಆರುವ ಮೊದಲೇ ಯೀಸ್ಟ್ ಹಾಕಿದ್ದು. ಎಲ್ಲರೂ ಇಲ್ಲೇ ಎಡವುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಅಮ್ಮ ಹಾಲಿಗೆ ಹೆಪ್ಪು ಹಾಕುವ ಮೊದಲು ಬೆರಳು ಅದ್ದಿ ನೋಡುತ್ತಿದ್ದಳು. ಬಿಸಿ ಇದ್ದರೆ ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲು ಹೆಪ್ಪು ಹಾಕಿ ಆಮೇಲೆ ಆರಲಿ ಅಂತ ಬಿಟ್ಟದ್ದು ಒಂದು ದಿನವೂ ಇಲ್ಲ. ಯೀಸ್ಟೂ ಹೆಪ್ಪಿನ ಹಾಗೇ. ವ್ಯತ್ಯಾಸ ಏನೆಂದರೆ, ಇಲ್ಲಿ ಹೆಪ್ಪು ತಾನೇ ಬಿಸಿ ಹುಟ್ಟಿಸುತ್ತದೆ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಶಾಖ ಬಿಡುತ್ತದೆ. 19 ಲೀಟರಿನ ಬಕೆಟ್ ಜೋರಾಗಿ ಹುದುಗುವಾಗ ರೂಮಿಗಿಂತ 3ರಿಂದ 5 ಡಿಗ್ರಿ ಮೇಲೇ ಇರುತ್ತದೆ. ನಾನು ಶುರು ಮಾಡಿದ್ದೇ 30ರಲ್ಲಿ, ಸುತ್ತ 25, ಗಾಳಿಯಾಡದ ಕಪಾಟು. ಇಳಿಯಲು ದಾರಿಯೇ ಇರಲಿಲ್ಲ. ಬೆಳಿಗ್ಗೆ ನೋಡಿದರೆ 32.

ಇನ್ನೊಂದು ವಿಷಯ. ಮೊದಲ ಎರಡು ಮೂರು ದಿನ ಯೀಸ್ಟ್ ತನ್ನ ಸಂಸಾರ ಬೆಳೆಸಿಕೊಳ್ಳುತ್ತದೆ. ಬಿಯರಿಗೆ ಅದು ಕೊಡುವ ವಾಸನೆ, ರುಚಿ ಹೆಚ್ಚಾಗಿ ಹುಟ್ಟುವುದು ಆಗಲೇ. ಆಗ ಬಿಸಿ ಜಾಸ್ತಿಯಾದರೆ ಫ್ಯೂಸೆಲ್ ಅನ್ನುವ ಆಲ್ಕೋಹಾಲ್‌ಗಳು ಜಾಸ್ತಿಯಾಗುತ್ತವೆ, ಗಂಟಲು ಸುಡುತ್ತದೆ. ಇಥೈಲ್ ಅಸಿಟೇಟ್ ಜಾಸ್ತಿಯಾದರೆ ಉಗುರಿನ ಬಣ್ಣ ಒರೆಸುವ ದ್ರವದ ವಾಸನೆ. ಮೂರನೇ ದಿನ ಅದನ್ನು 18ಕ್ಕೆ ತಂದು ನಿಲ್ಲಿಸಿದರೂ ಹುಟ್ಟಿದ್ದು ಹೋಗುವುದಿಲ್ಲ.

ನನಗೆ ಇದೆಲ್ಲ ಗೊತ್ತಿರಲಿಲ್ಲ. ಬೆಳಿಗ್ಗೆ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಡುವ ಮುಚ್ಚಳದ ನಳಿಗೆ) ಬಿಡದೆ ಗುಳುಗುಳು ಅನ್ನುತ್ತಿತ್ತು, ನೊರೆ ಮುಚ್ಚಳದಿಂದ ಹೊರಗೆ ಬಂದಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ, ಅಷ್ಟು ಖುಷಿ. ಎರಡೇ ದಿನದಲ್ಲಿ ಎಲ್ಲಾ ಮುಗಿದು ಶಾಂತವಾಯಿತು.

ಭಾವ ಬಂದ ದಿನ ಮೊದಲ ಬಾಟಲಿ ತೆಗೆದೆ. ಬಣ್ಣ ಚಿನ್ನದ ಹಾಗಿತ್ತು. ಗ್ಲಾಸ್ ಮೂಗಿನ ಹತ್ತಿರ ತಂದಾಗ ನನ್ನ ಎದೆ ಧಸಕ್ಕೆಂದಿತು. ಭಾವ ಪೂರ್ತಿ ಕುಡಿದು, "ಚೆನ್ನಾಗೈತಪ್ಪ" ಅಂದರು. ಬೆಳಿಗ್ಗೆ ಅಡುಗೆಮನೆಗೆ ಬಂದು ಮೆಲ್ಲಗೆ, "ತಲೆನೋವಿನ ಗುಳಿಗೆ ಐತೇನು?" ಅಂತ ಕೇಳಿದರು. ನನಗೆ ಈಗಲೂ ಆ ದನಿ ಕೇಳಿಸುತ್ತದೆ. ಹಳೆಯದಾದರೆ ಸರಿಹೋಗಬಹುದು ಅಂತ ಮೂರು ತಿಂಗಳು ಇಟ್ಟೆ. ಹೋಗಲಿಲ್ಲ. ಹೆಂಡತಿ ಒಂದೊಂದೇ ಮುಚ್ಚಳ ತೆಗೆದು ಕೊಟ್ಟಳು, ನಾನು ಸಿಂಕಿಗೆ ಸುರಿದೆ. ಸುಮಾರು 50 ಬಾಟಲಿ.

ಈಗ ನಿಮ್ಮ ಪ್ರಶ್ನೆ. ಎರಡು ವಾರವೂ ಒಂದೇ ಸಮ 18 ಇರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಏಲ್‌ಗೆ ಅದು ಬೇಕಿಲ್ಲ. ಯೀಸ್ಟ್ ಹಾಕುವಾಗ 17–18, ಮೊದಲ ಮೂರು ದಿನ 20ರ ಒಳಗೆ. ಅಷ್ಟನ್ನು ಕಾಯಿರಿ. ನಾಲ್ಕನೇ ದಿನದಿಂದ 21–22ಕ್ಕೆ ಏರಲು ಬಿಡಬೇಕು ಕೂಡ. ಆ ಬಿಸುಪಿನಲ್ಲೇ ಯೀಸ್ಟ್ ಬೆಣ್ಣೆಯಂಥ ಅಡ್ಡವಾಸನೆಯನ್ನು ವಾಪಸ್ ತಿಂದು ಕೆಲಸ ಮುಗಿಸುತ್ತದೆ.

ಫ್ರಿಡ್ಜ್ ಇದ್ದಿದ್ದರೆ ನನ್ನ ಬಿಯರ್ ಉಳಿಯುತ್ತಿತ್ತಾ? ಇಲ್ಲ. 30 ಡಿಗ್ರಿಯ 19 ಲೀಟರ್ ಫ್ರಿಡ್ಜಿನೊಳಗೆ ಇಳಿಯಲು ಬಹಳ ಗಂಟೆ ಬೇಕು, ಅಷ್ಟರಲ್ಲಿ ಯೀಸ್ಟ್ ಓಟ ಕಿತ್ತಿರುತ್ತದೆ. ಅದೂ 45 ಡಿಗ್ರಿಯ ಗ್ಯಾರೇಜಿನಲ್ಲಿ ಆ ಫ್ರಿಡ್ಜ್ ಪುರುಸೊತ್ತಿಲ್ಲದೆ ಓಡುತ್ತಿರಬೇಕು. ತಣ್ಣಗೆ ಹುದುಗುವ ಲಾಗರ್ ಬಿಯರ್ ಮಾಡುವುದಾದರೆ ಮಾತ್ರ ಕೊಳ್ಳಿ, ಅದಕ್ಕೆ 10–12 ಡಿಗ್ರಿ ಬೇಕೇ ಬೇಕು.

ನಾನು ಈಗ ಮಾಡುವುದು ಇಷ್ಟು. ನಲ್ಲಿ ನೀರಿನಲ್ಲಿ 40ರ ತನಕ ಇಳಿಸಿ, ಆಮೇಲೆ ಬಕೆಟ್ಟಿನ ಐಸ್ ನೀರನ್ನು ಸಣ್ಣ ಪಂಪಿನಿಂದ ಅದೇ ಸುರುಳಿಗೆ ಹರಿಸುತ್ತೇನೆ. ಆಗಲೂ 18 ಬರದಿದ್ದರೆ, ಚೆನ್ನಾಗಿ ಸ್ಯಾನಿಟೈಸ್ ಮಾಡಿದ ಬಕೆಟ್ಟಿನಲ್ಲಿ ಮುಚ್ಚಿ, ಐಸ್ ನೀರಿನ ಟಬ್ಬಿನಲ್ಲಿಟ್ಟು ಮಲಗುತ್ತೇನೆ. ಯೀಸ್ಟ್ ಹಾಕುವುದು ಬೆಳಿಗ್ಗೆ. ಆಸ್ಟ್ರೇಲಿಯಾದಲ್ಲಿ ಬಿಸಿ ವರ್ಟನ್ನೇ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ತಾನಾಗಿ ಆರುವ ತನಕ ಕಾದು ಬಿಯರ್ ಮಾಡುವವರು ಎಷ್ಟೋ ಜನ ಇದ್ದಾರೆ. ಒಂದು ರಾತ್ರಿ ಕಾದರೆ ಏನೂ ಮುಳುಗುವುದಿಲ್ಲ.

ಆಮೇಲಿನ ಮೂರು ದಿನಕ್ಕೆ ಬಳ್ಳಾರಿಯ ಉಪಾಯ. ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಹರವಿಗೆ ಒದ್ದೆ ಗೋಣಿಚೀಲ ಸುತ್ತುತ್ತಿದ್ದರು. ಇಲ್ಲೂ ಅದೇ. ಅಗಲದ ಟಬ್ಬಿನಲ್ಲಿ ಬಕೆಟ್ಟಿನ ಅರ್ಧದವರೆಗೆ ನೀರು, ಬಕೆಟ್ಟಿಗೆ ಹಳೆಯ ಹತ್ತಿ ಟೀ ಶರ್ಟ್, ಅದರ ಅಂಚು ನೀರಿನೊಳಗೆ, ಎದುರಿಗೆ ಸಣ್ಣ ಫ್ಯಾನ್. ಈ ಒಣ ಹವೆಯಲ್ಲಿ ಇದೊಂದೇ 4–5 ಡಿಗ್ರಿ ಇಳಿಸುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಟಬ್ಬಿಗೆ ಹಾಕಿ. ಮಾನ್ಸೂನ್ ತೇವ ಬಂದಾಗ ಗಾಳಿ ಅಷ್ಟು ಕೆಲಸ ಮಾಡುವುದಿಲ್ಲ, ಆಗ ಬಾಟಲಿ ಜಾಸ್ತಿ ಬೇಕು. ಥರ್ಮಾಮೀಟರನ್ನು ಬಕೆಟ್ಟಿನ ಮೈಗೇ ಅಂಟಿಸಿ, ಮೇಲೆ ದಪ್ಪ ಬಟ್ಟೆ ಮಡಿಸಿ ಟೇಪ್ ಹಾಕಿ. ಗೋಡೆಯ ಎಸಿ ಹೇಳುವುದನ್ನು ನಂಬಬೇಡಿ.

ಇದೆಲ್ಲ ಬೇಡ ಅನ್ನಿಸಿದರೆ ಬೇಸಿಗೆಯಲ್ಲಿ ಯೀಸ್ಟನ್ನೇ ಬದಲಿಸಿ. ನಾರ್ವೆಯ ವಾಸ್ ಕಡೆಯ ಕ್ವೈಕ್ ಯೀಸ್ಟ್ 35–40 ಡಿಗ್ರಿಯಲ್ಲೇ ಖುಷಿಯಾಗಿರುತ್ತದೆ, ಕಿತ್ತಳೆಯ ಪರಿಮಳ ಕೊಡುತ್ತದೆ. ಅದಕ್ಕೆ ಈ ಊರಿನ ಜುಲೈ ಒಳ್ಳೆಯ ಕಾಲ.

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವವರು ಸುಮ್ನೆ ಶುರು ಮಾಡಬೇಡಿ, ಅಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇಲ್ಲಿ ಅಮೆರಿಕದ ಫೆಡರಲ್ (ಕೇಂದ್ರ) ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಬಿಡುತ್ತದೆ, ಮಾರುವಂತಿಲ್ಲ ಅಷ್ಟೇ.

ಇವತ್ತೇ ನಿಮ್ಮ ನಲ್ಲಿ ನೀರು ಎಷ್ಟು ಡಿಗ್ರಿ ಇದೆ ಅಂತ ಅಳೆಯಿರಿ. 25 ದಾಟಿದ್ದರೆ ಮೂರು ಚೀಲ ಐಸ್ ತಂದಿಟ್ಟುಕೊಂಡೇ ಒಲೆ ಹಚ್ಚಿ.